ಜ್ವರ ಬಿಟ್ಟ ವಾರದಲ್ಲೇ ಕಾತ್ರಜ್–ಸಿಂಹಗಡ ಬೇಡ

ಗುರುವಾರ ಜ್ವರ ಬಿಟ್ಟಿದೆ, ಎದೆ ಸ್ವಲ್ಪ ಹಿಡಿದಂತಿದೆ, ಆದರೂ ಶನಿವಾರ ರಾತ್ರಿ ಪುಣೆ ಬಳಿಯ ಕಾತ್ರಜ್–ಸಿಂಹಗಡ ಚಾರಣಕ್ಕೆ ಖಂಡಿತ ಬರುತ್ತೇನೆ ಎಂದು ಬರೆದಿರುವ ಗೆಳೆಯರಿಗೆ ಈ ಉತ್ತರ. ಬೆವರು ಹರಿದರೆ ಎಲ್ಲ ಸರಿಹೋಗುತ್ತದೆ ಎಂದು ಅವರನ್ನು ಹುರಿದುಂಬಿಸಿದವರೂ ದಯವಿಟ್ಟು ಓದಬೇಕು. ಇಂಥ ಉತ್ಸಾಹದಲ್ಲಿ ಹಿಂದೆ ಹೊರಟವರಲ್ಲಿ ನಾನೂ ಒಬ್ಬನಾದ್ದರಿಂದ ಮಾತು ಸ್ವಲ್ಪ ಕಟುವಾದರೆ ಕ್ಷಮಿಸಿ.

ಕಾಕ್ಸಾಕಿ, ಅಡೆನೊ, ಇನ್‌ಫ್ಲುಯೆಂಜಾ, ಕೊರೊನಾ ಮುಂತಾದ ವೈರಸ್‌ಗಳು ಕೆಲವರಲ್ಲಿ ಹೃದಯದ ಸ್ನಾಯುವಿಗೂ ತಗಲುತ್ತವೆ. ಹೆಚ್ಚಿನವರಿಗೆ ಹಾಗಾಗುವುದಿಲ್ಲ, ಆದವರಲ್ಲಿಯೂ ಬಹಳ ಮಂದಿ ಗುಣವಾಗುತ್ತಾರೆ. ಆದರೆ ಜ್ವರ ಇಳಿದು, ಹಸಿವು ಮರಳಿ, ಮನುಷ್ಯ ಲವಲವಿಕೆಯಿಂದ ಓಡಾಡುತ್ತಿರುವಾಗಲೂ ದೇಹದ ರೋಗನಿರೋಧಕ ಶಕ್ತಿ ಎಬ್ಬಿಸಿದ ಉರಿಯೂತ ಆ ಸ್ನಾಯುವಿನಲ್ಲಿ ಉಳಿದಿರಬಹುದು. ಹಾಗಿರುವಾಗ ಕಡಿದಾದ ಏರಿನಲ್ಲಿ ಅಡ್ರಿನಲಿನ್ ಹಾರ್ಮೋನು ಏರಿದರೆ ಬಡಿತದ ಲಯವೇ ಕೆಟ್ಟು, ಮುನ್ಸೂಚನೆಯಿಲ್ಲದೆ ವ್ಯಕ್ತಿ ಕುಸಿಯುವ ಸಂಭವವಿದೆ. ಕಾಕ್ಸಾಕಿ ಬಿ-3 ವೈರಸ್ ತಗಲಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ ಅವುಗಳ ಹೃದಯದಲ್ಲಿ ವೈರಸ್ಸೂ, ಅವುಗಳ ಸಾವೂ ಹೆಚ್ಚಾದದ್ದನ್ನು 1970ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಬೆವರು ಹರಿಸುವ ಚಿಕಿತ್ಸೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ನಾನು ನೆಚ್ಚಿಕೊಂಡಿರುವುದು ಬೆಳಗಿನ ನಾಡಿಯನ್ನು. ಎಚ್ಚರವಾದೊಡನೆ, ಹಾಸಿಗೆಯಲ್ಲಿ ಮಲಗಿದ್ದಂತೆಯೇ, ಚಹಾಕ್ಕೂ ಮೊಬೈಲಿಗೂ ಮೊದಲು, ಮಣಿಕಟ್ಟಿನ ಮೇಲೆ ಬೆರಳಿಟ್ಟು ಪೂರ್ತಿ 60 ಸೆಕೆಂಡು ಎಣಿಸಿ ಕಾಲನಿರ್ಣಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆದಿಡುತ್ತೇನೆ; 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರಿಗೆ ತಪ್ಪಿದ ಬಡಿತ ಸುಲಭವಾಗಿ ತಿಳಿಯುವುದಿಲ್ಲ. ಆರೋಗ್ಯವಿದ್ದಾಗಿನ ಸಂಖ್ಯೆ ಗೊತ್ತಿಲ್ಲದವರಿಗೆ ಕಾಯಿಲೆಯ ನಂತರದ ಸಂಖ್ಯೆಯಿಂದ ಪ್ರಯೋಜನವಿಲ್ಲವಾದ್ದರಿಂದ ಈ ಅಭ್ಯಾಸವನ್ನು ಚೆನ್ನಾಗಿರುವಾಗಲೇ ಆರಂಭಿಸಬೇಕು. ವಾಡಿಕೆಗಿಂತ 10 ಬಡಿತ ಹೆಚ್ಚಿದ್ದರೆ ನಾನು ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲನ್ನೂ ಹತ್ತುವುದಿಲ್ಲ. ಇದು ನನ್ನ ಸ್ವಂತ ಅಳತೆ, ವೈದ್ಯಶಾಸ್ತ್ರದ ನಿಯಮವಲ್ಲ. ನಾಡಿ ಸರಿಯಿದ್ದ ಮಾತ್ರಕ್ಕೆ ಹೃದಯ ಸರಿಯಿದೆ ಎಂದೂ ಅಲ್ಲ. ರಕ್ತದೊತ್ತಡಕ್ಕೆ, ನಾಡಿಯನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಅಳತೆ ಉಪಯೋಗಕ್ಕೆ ಬಾರದು. ಡೆಂಗ್ಯೂವಿನಿಂದ ಚೇತರಿಸಿಕೊಳ್ಳುವಾಗ ನಾಡಿ ವಾಡಿಕೆಗಿಂತ ಕೆಳಗಿಳಿಯುವುದುಂಟು. ಅದನ್ನು ದೇಹದಾರ್ಢ್ಯದ ಗುರುತೆಂದು ತಿಳಿದು ಬೀಗುವವರನ್ನು ಕಂಡಿದ್ದೇನೆ. ಗಾರ್ಮಿನ್ ಗಡಿಯಾರದ ಬಾಡಿ ಬ್ಯಾಟರಿ, ಅಂದರೆ ದೇಹದ ಚೈತನ್ಯವನ್ನು ಅಂದಾಜಿಸುವ ಅಂಕ, ನೂರನ್ನು ತೋರಿಸಿದರೂ ಅದು ಇಸಿಜಿಗೆ ಸಮವಲ್ಲ. ಆ ಗಡಿಯಾರಕ್ಕೆ ಕೊಟ್ಟ ಹಣದ ಸಣ್ಣದೊಂದು ಪಾಲಿನಲ್ಲಿ ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆ ಎರಡೂ ಆಗುತ್ತವೆ.

ಎದೆ ಹಿಡಿತ, ಎರಡು ಮಹಡಿ ಹತ್ತುವಷ್ಟರಲ್ಲೇ ಏದುಸಿರು, ಬಡಿತ ತಪ್ಪಿದ ಅನುಭವ, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಒಂದಿದ್ದರೂ ಚಾರಣದ ಮಾತನ್ನೇ ಬಿಟ್ಟು ಅಂದೇ ವೈದ್ಯರನ್ನು ಕಾಣಬೇಕು. ನಮ್ಮ ಗೆಳೆಯರು ಮೊದಲನೆಯದನ್ನು ಗ್ಯಾಸ್ ಎಂದು ತಾವೇ ತೀರ್ಮಾನಿಸಿದ್ದಾರೆ. ಅದು ಗ್ಯಾಸೇ ಆಗಿರಬಹುದು, ಆದರೆ ಅದನ್ನು ಹೇಳಬೇಕಾದವರು ಬೇರೆ. ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ, ಎಂದು ಖಚಿತವಾದವರಿಗೆ ಹೃದ್ರೋಗ ತಜ್ಞರು ಸಾಮಾನ್ಯವಾಗಿ 3ರಿಂದ 6 ತಿಂಗಳು ಶ್ರಮದ ವ್ಯಾಯಾಮವನ್ನು ನಿಲ್ಲಿಸಿ, ಮತ್ತೆ ಪರೀಕ್ಷಿಸಿದ ಮೇಲಷ್ಟೇ ಅನುಮತಿ ನೀಡುತ್ತಾರೆ.

ಜ್ವರ ಬಿಟ್ಟಿತು ಎನ್ನುವುದನ್ನೂ ಸರಿಯಾಗಿ ಎಣಿಸಬೇಕು. ಕ್ರೋಸಿನ್ ನುಂಗಿ ಇಳಿಸಿದ ಜ್ವರ ಬಿಟ್ಟ ಜ್ವರವಲ್ಲ. ಅದರಲ್ಲೂ ಪುಣೆಯ ಮಳೆಗಾಲದಲ್ಲಿ ಡೆಂಗ್ಯೂವಿನ ಅನುಮಾನವಿದ್ದರೆ, ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು: ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ, ಮೈ ತಣ್ಣಗಾಗುತ್ತಿರುವಾಗಲೇ, ರಕ್ತನಾಳಗಳಿಂದ ದ್ರವ ಸೋರತೊಡಗಿ 24ರಿಂದ 48 ಗಂಟೆ ಹಾಗೆಯೇ ನಡೆಯಬಹುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಜಪಿಸುವವರು ಅದೇ ವರದಿಯಲ್ಲಿರುವ ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು; ದ್ರವ ಸೋರಿದರೆ ಏರುತ್ತದೆ) ಏರುತ್ತಿದೆಯೇ ಎಂಬುದನ್ನೂ ವೈದ್ಯರಲ್ಲಿ ಕೇಳಲಿ. ಮೈಕೈ ನೋವಿಗೆಂದು ಕಾಂಬಿಫ್ಲಾಮ್ ಬೇಡ. ಅದರಲ್ಲಿರುವ ಐಬುಪ್ರೊಫೆನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಕುಡಿಯಲು ಬಣ್ಣದ ಕ್ರೀಡಾ ಪಾನೀಯಗಳಿಗಿಂತ, ದೊಡ್ಡ ಪೊಟ್ಟಣವನ್ನು ಸರಿಯಾಗಿ 1 ಲೀಟರ್ ನೀರಿಗೆ ಕಲಸಿದ ಎಲೆಕ್ಟ್ರಾಲ್ (ಓಆರ್‌ಎಸ್ ಪುಡಿ) ಒಳ್ಳೆಯದು.

ಚಾರಣದ ಮುಂದಾಳುಗಳಿಗೂ ಒಂದು ಮಾತು. ಹದಿಮೂರು ಗುಡ್ಡಗಳ ಆ ದಾರಿಯ ನಡುವೆ ಕತ್ತಲಲ್ಲಿ ಕುಸಿದವರನ್ನು ಕೆಳಗಿಳಿಸುವುದು ಸುಲಭವಲ್ಲ. ತಂಡದಲ್ಲಿ ಇಬ್ಬರಾದರೂ ಸಿಪಿಆರ್, ಅಂದರೆ ಹೃದಯ ಬಡಿತ ನಿಂತವರ ಎದೆ ಒತ್ತುವ ತುರ್ತು ಚಿಕಿತ್ಸೆ, ಕಲಿತಿರಲಿ: ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು, ಇನ್ನೊಬ್ಬರು ಆಂಬ್ಯುಲೆನ್ಸಿಗಾಗಿ 108ಕ್ಕೆ ಕರೆ ಮಾಡಬೇಕು. ಹೆಸರು ಬರೆಸಿಕೊಳ್ಳುವಾಗ ಕಳೆದ ಎರಡು ವಾರಗಳಲ್ಲಿ ಜ್ವರ ಬಂದಿತ್ತೇ ಎಂದು ಕೇಳಿ. ಕಟ್ಟಿದ ಹಣ ಮರಳಿ ಬಾರದೆಂಬ ಒಂದೇ ಕಾರಣಕ್ಕೆ ಉತ್ತರ ಮುಚ್ಚಿಡುವವರಿರುವುದರಿಂದ, ಜ್ವರವೆಂದು ಹಿಂದೆ ಸರಿದವರ ಹಣವನ್ನು ಮುಂದಿನ ಚಾರಣಕ್ಕೆ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ಈ ಶನಿವಾರದಿಂದಲೇ ಮಾಡಿ.