ಕ್ಲೋರಿನ್ ಮೂರನೇ ಕಾರ್ಬನ್ನಿಗೆ ಹೋದದ್ದು ಹೇಗೆ?

ಪ್ರಶ್ನೆ: 3-ಮೀಥೈಲ್-1-ಬ್ಯೂಟೀನ್ ಜೊತೆ ಹೈಡ್ರೋಜನ್ ಕ್ಲೋರೈಡ್ ವರ್ತಿಸಿದಾಗ, ಮಾರ್ಕೋವ್ನಿಕೋವ್ ನಿಯಮದಂತೆ (ದ್ವಿಬಂಧದಲ್ಲಿ ಹೆಚ್ಚು ಹೈಡ್ರೋಜನ್ ಇರುವ ಕಾರ್ಬನ್ನಿಗೆ ಹೈಡ್ರೋಜನ್, ಇನ್ನೊಂದಕ್ಕೆ ಕ್ಲೋರಿನ್) ಕ್ಲೋರಿನ್ ಎರಡನೇ ಕಾರ್ಬನ್ನಿಗೆ ಸೇರುತ್ತದೆ ಎಂದು ಬರೆದೆ. ಅಂಕ ಕಳೆದರು. ದ್ವಿಬಂಧವೇ ಇಲ್ಲದ ಮೂರನೇ ಕಾರ್ಬನ್ನಿಗೆ ಅದು ಹೋಗುವುದಾದರೂ ಹೇಗೆ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನೀವು ಬರೆದದ್ದು ತಪ್ಪಲ್ಲ, ಅರ್ಧಕ್ಕೆ ನಿಂತಿದೆ. ನಿಮ್ಮ ಉತ್ಪನ್ನವೂ ನೂರರಲ್ಲಿ ಸುಮಾರು 40 ಪಾಲು ಸಿಗುತ್ತದೆ. ಉಳಿದ 60 ಪಾಲು 2-ಕ್ಲೋರೋ-2-ಮೀಥೈಲ್‌ಬ್ಯೂಟೇನ್. ಹೆಸರಿನಲ್ಲಿರುವ 2 ನೋಡಿ ಗೊಂದಲ ಬೇಡ. ಹೊಸ ಅಣುವಿನಲ್ಲಿ ಎಣಿಕೆ ಇನ್ನೊಂದು ತುದಿಯಿಂದ ಶುರುವಾಗುತ್ತದೆ, ಹಳೆಯ ಮೂರನೇ ಕಾರ್ಬನ್ನೇ ಇಲ್ಲಿ ಎರಡನೆಯದು.

ದ್ವಿಬಂಧದ ಪೈ ಎಲೆಕ್ಟ್ರಾನ್‌ಗಳು ಎಲೆಕ್ಟ್ರೋಫೈಲ್ (ಎಲೆಕ್ಟ್ರಾನ್ ಬಯಸುವ ಕಣ) ಆದ ಪ್ರೋಟಾನನ್ನು ಮೊದಲ ಕಾರ್ಬನ್ನಿಗೆ ಸೆಳೆದುಕೊಂಡಾಗ, ಎರಡನೇ ಕಾರ್ಬನ್ ಮೇಲೆ ಧನಾವೇಶ ಉಳಿಯುತ್ತದೆ. ಇದು ಸೆಕೆಂಡರಿ ಕಾರ್ಬೋಕ್ಯಾಟಯಾನ್, ಅಂದರೆ ಧನಾವೇಶದ ಕಾರ್ಬನ್ನಿಗೆ ಎರಡು ಕಾರ್ಬನ್‌ಗಳು ಅಂಟಿರುವ ಅಯಾನ್. ಕ್ಲೋರೈಡ್ ಬಂದು ತಗಲುವ ಮೊದಲೇ ಪಕ್ಕದ ಮೂರನೇ ಕಾರ್ಬನ್ನಿನ ಹೈಡ್ರೋಜನ್, ಬಂಧದ ಎರಡೂ ಎಲೆಕ್ಟ್ರಾನ್‌ಗಳ ಸಮೇತ, ಆ ಖಾಲಿ ಪಿ-ಆರ್ಬಿಟಲ್‌ಗೆ ಸರಿದುಬಿಡಬಹುದು. ಆಗ ಧನಾವೇಶ ಮೂರನೇ ಕಾರ್ಬನ್ನಿಗೆ ಬಂದು, ಇನ್ನೂ ಸ್ಥಿರವಾದ, ಮೂರು ಕಾರ್ಬನ್‌ಗಳು ಅಂಟಿರುವ ಟರ್ಷಿಯರಿ ಕ್ಯಾಟಯಾನ್ ಆಗುತ್ತದೆ. ಇದೇ ಹೈಡ್ರೈಡ್ ಶಿಫ್ಟ್. ಸರಿಯುವುದಕ್ಕೂ ಕ್ಲೋರೈಡ್ ತಗಲುವುದಕ್ಕೂ ಪೈಪೋಟಿ ಇರುವುದರಿಂದಲೇ ಮಿಶ್ರಣ ಸಿಗುತ್ತದೆ.

ಎಲೆಕ್ಟ್ರಾನ್ ಜೋಡಿ ಸರಿಯುವುದನ್ನು ತೋರಿಸುವ ಬಾಣ ಎಳೆಯುವಲ್ಲಿ ಬಹಳ ಜನ ಎಡವುತ್ತಾರೆ. ಬಾಣದ ಬುಡ ಹೈಡ್ರೋಜನ್ ಅಕ್ಷರದ ಮೇಲಲ್ಲ, ಕಾರ್ಬನ್–ಹೈಡ್ರೋಜನ್ ಬಂಧದ ಗೆರೆಯ ಮೇಲಿರಬೇಕು. ತುದಿ ಧನಾವೇಶದ ಕಾರ್ಬನ್ನಿಗೆ. ಹೈಡ್ರೋಜನ್ ಎಲ್ಲಿಯೂ ಕಳಚಿಕೊಂಡು ಒಂಟಿಯಾಗಿ ಓಡಾಡುವುದಿಲ್ಲ. 3,3-ಡೈಮೀಥೈಲ್-1-ಬ್ಯೂಟೀನ್‌ನಲ್ಲಿ ಸರಿಯಲು ಪಕ್ಕದಲ್ಲಿ ಹೈಡ್ರೋಜನ್ನೇ ಇಲ್ಲ, ಅಲ್ಲಿ ಮೀಥೈಲ್ ಗುಂಪೇ ಹೊರಡುತ್ತದೆ. ಇಂಥ ಮರುಜೋಡಣೆಗಳಿಗೆಲ್ಲ ಒಂದೇ ಬುಡ ಇದೆ ಎಂದು ರಸಾಯನ ವಿಜ್ಞಾನಿ ವಿಟ್ಮೋರ್ 1932ರಲ್ಲೇ ವಾದಿಸಿದ್ದರು.

ಬೆಂಜೀನ್ ಪಾಠದಲ್ಲೂ ಇದೇ ಕಾಡುತ್ತದೆ. ಬೆಂಜೀನಿಗೆ 1-ಕ್ಲೋರೋಪ್ರೊಪೇನ್ ಮತ್ತು ಅಲ್ಯೂಮಿನಿಯಂ ಕ್ಲೋರೈಡ್ ಹಾಕಿ ಪ್ರೊಪೈಲ್‌ಬೆಂಜೀನ್ ಬಯಸಿದರೆ, ಹೆಚ್ಚಾಗಿ ಸಿಗುವುದು ಐಸೊಪ್ರೊಪೈಲ್‌ಬೆಂಜೀನ್. ನೇರ ಸರಪಳಿಯೇ ಬೇಕೆಂದರೆ ಮೊದಲು ಪ್ರೊಪನಾಯಿಲ್ ಕ್ಲೋರೈಡ್‌ನಿಂದ ಅಸೈಲೇಷನ್ (ಕಾರ್ಬನ್–ಆಮ್ಲಜನಕ ದ್ವಿಬಂಧವಿರುವ ಗುಂಪನ್ನು ಸೇರಿಸುವುದು) ಮಾಡಿ. ಅಸೈಲಿಯಂ ಅಯಾನ್‌ಗೆ ಆಮ್ಲಜನಕದ ಅನುರಣನದ (ಧನಾವೇಶ ಹಂಚಿಕೊಳ್ಳುವ) ಆಸರೆ ಇರುವುದರಿಂದ ಅದು ಮರುಜೋಡಣೆಗೆ ಹೋಗುವುದಿಲ್ಲ. ಆಮೇಲೆ ಹೀಗೆ ಸಿಕ್ಕ ಕೀಟೋನನ್ನು ಸತು ಅಮಾಲ್ಗಂ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕ್ಲೆಮೆನ್ಸನ್ ವಿಧಾನದಿಂದ ಅಪಕರ್ಷಿಸಿ, ಅಂದರೆ ಆಮ್ಲಜನಕ ತೆಗೆದು ಅಲ್ಲಿ ಹೈಡ್ರೋಜನ್ ಕೂರಿಸಿ.