ಕಾಯಿಲ್ ಸುಟ್ಟಿತು, ಮೊಳೆ ಮಾತ್ರ ಏಳಲಿಲ್ಲ

ಪ್ರಶ್ನೆ: ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ವಿದ್ಯುತ್ಕಾಂತ ಮಾಡಲೆಂದು 12 ಮಿಲಿಮೀಟರ್ ದಪ್ಪದ ಬೋಲ್ಟ್‌ಗೆ 26 ಗೇಜಿನ ಎನಾಮಲ್ ತಂತಿಯನ್ನು (ನಿರೋಧಕ ಲೇಪವಿರುವ ತಾಮ್ರದ ತಂತಿ) 100 ಸುತ್ತು ಸುತ್ತಿ ಕಾಯಿಲ್ ಮಾಡಿ, ಬೈಕಿನ ಹಳೆಯ ಬ್ಯಾಟರಿಗೆ ಕೊಟ್ಟೆ. ಕೆಲವೇ ಕ್ಷಣಗಳಲ್ಲಿ ಹೊಗೆ ಬಂದು ತಂತಿ ಕಪ್ಪಾಯಿತು. ಆದರೂ ದೊಡ್ಡ ಮೊಳೆಗಳು ಏಳಲಿಲ್ಲ. ಇನ್ನೂ ಹೆಚ್ಚು ಕರೆಂಟು ಹರಿಸಬೇಕೆಂದೂ, ಹಳೆಯ ಕ್ಯಾಮೆರಾದ ಫ್ಲ್ಯಾಶಿನಲ್ಲಿರುವ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಅಥವಾ ಮನೆಯ ಪ್ಲಗ್ ಬಳಸಬಹುದೆಂದೂ ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?
— ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಮೊದಲು ಸ್ನೇಹಿತರ ಸಲಹೆಯನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಮನೆಯ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಫ್ಲ್ಯಾಶ್ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ತುಂಬಿರುತ್ತದೆ ಮತ್ತು ಕ್ಯಾಮೆರಾ ಕೆಟ್ಟು ಮೂಲೆಗೆ ಬಿದ್ದ ಮೇಲೂ ಅದು ಒಳಗೆ ಉಳಿದಿರಬಹುದು. ಅದನ್ನು ಬಿಚ್ಚಲೂ ಹೋಗಬೇಡಿ. ನಿಮ್ಮ ಕೆಲಸಕ್ಕೆ ಇವೆರಡರ ಅಗತ್ಯವೂ ಇಲ್ಲ. ಏಕೆಂದರೆ ನಿಮ್ಮ ಕಾಯಿಲ್‌ಗೆ ಕರೆಂಟು ಕಡಿಮೆಯಾಗಿರಲಿಲ್ಲ, ಅತಿಯಾಗಿತ್ತು.

ಲೆಕ್ಕ ಹಾಕಿ ನೋಡೋಣ. ಆ ಬೋಲ್ಟಿನ ಸುತ್ತ ಒಂದು ಸುತ್ತಿಗೆ ಸುಮಾರು 4 ಸೆಂಟಿಮೀಟರ್ ತಂತಿ ಬೇಕು. 100 ಸುತ್ತಿಗೆ 4 ಮೀಟರ್. 26 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.105 ಓಮ್ ರೋಧ ಇರುವುದರಿಂದ ಇಡೀ ಕಾಯಿಲ್‌ನ ರೋಧ 0.42 ಓಮ್ ಮಾತ್ರ. ಬ್ಯಾಟರಿಯ ಒಳರೋಧವನ್ನು ಬಿಟ್ಟು ನೋಡಿದರೆ, 12 ವೋಲ್ಟ್ ಕೊಟ್ಟಾಗ 28 ಆಂಪಿಯರಿಗೂ ಹೆಚ್ಚು ಕರೆಂಟು ಹರಿದು 340 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು. ಅಂಥ 13 ಕಡ್ಡಿಗಳ ಶಾಖವನ್ನು ಹೆಬ್ಬೆರಳಿನಷ್ಟು ಜಾಗದಲ್ಲಿ ತುಂಬಿದರೆ ಎನಾಮಲ್ ಉಳಿಯುವುದಾದರೂ ಹೇಗೆ? ಎನಾಮಲ್ ಸುಟ್ಟ ಮೇಲೆ ಸುತ್ತುಗಳು ಒಂದಕ್ಕೊಂದು ತಗುಲಿ, ಕರೆಂಟು ಇಡೀ ಕಾಯಿಲ್ ಸುತ್ತದೆ ಅಡ್ಡದಾರಿ ಹಿಡಿಯುತ್ತದೆ, ಇದ್ದ ಅಯಸ್ಕಾಂತ ಬಲವೂ ಹೋಗುತ್ತದೆ.

ವಿದ್ಯುತ್ಕಾಂತದ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ಕರೆಂಟು ಮತ್ತು ಸುತ್ತುಗಳ ಗುಣಲಬ್ಧ. ಇಲ್ಲೊಂದು ಸೊಗಸಾದ ಸಂಗತಿ ಇದೆ. ನನಗೆ ಬಹಳ ಪ್ರಿಯವಾದದ್ದು. ಅದೇ ತಂತಿ, ಅದೇ ಬ್ಯಾಟರಿ ಇಟ್ಟುಕೊಂಡು ಸುತ್ತುಗಳನ್ನು ಎರಡರಷ್ಟು ಮಾಡಿದರೆ ರೋಧವೂ ಎರಡರಷ್ಟಾಗಿ ಕರೆಂಟು ಅರ್ಧಕ್ಕೆ ಇಳಿಯುತ್ತದೆ; ಗುಣಲಬ್ಧ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಆದರೆ ಶಾಖ ಮಾತ್ರ ಅರ್ಧವಾಗುತ್ತದೆ. ಸುತ್ತು ಹೆಚ್ಚಿಸಿ ಶಾಖ ಇಳಿಸಿ. ನಿಮಗೆ ಬೇಕಾದ ದಾರಿ ಇದು.

1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕುದುರೆ ಲಾಳದಂತೆ ಬಾಗಿಸಿದ ಕಬ್ಬಿಣಕ್ಕೆ ವಾರ್ನಿಷ್ ಬಳಿದು, ಬರಿಯ ತಂತಿಯನ್ನು ಬಿಡಿಬಿಡಿಯಾಗಿ 18 ಸುತ್ತು ಸುತ್ತಿ, ಸುಮಾರು 200 ಗ್ರಾಂ ತೂಕದ ಆ ಕಬ್ಬಿಣದಿಂದ 4 ಕಿಲೋ ಎತ್ತಿ ತೋರಿಸಿದ. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆಯ ಹೊದಿಕೆ ಹಾಕಿದ್ದರಿಂದ ಸುತ್ತುಗಳನ್ನು ಒತ್ತೊತ್ತಾಗಿ, ಪದರದ ಮೇಲೆ ಪದರವಾಗಿ ಸುತ್ತಲು ಸಾಧ್ಯವಾಯಿತು. 1831ರ ಹೊತ್ತಿಗೆ ಅವನ ಒಂದು ವಿದ್ಯುತ್ಕಾಂತ 900 ಕಿಲೋಗೂ ಹೆಚ್ಚು ಭಾರ ಹೊತ್ತಿತು. ರೇಷ್ಮೆ ಗೂಡಿನ ಮಾರುಕಟ್ಟೆಯ ಊರಿನವರಾದ ನಿಮಗೆ ಇದನ್ನು ಹೇಳದೆ ಇರಲಾರೆ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ನೂಲು ಬಿಚ್ಚುವ ಚರಕ ಇದ್ದರೆ, ನೂಲು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕಕ್ಕೆ ಸರಿಯುವುದನ್ನು ಹತ್ತಿರ ನಿಂತು ನೋಡಿ. ನಿಮ್ಮ ತಂತಿಯೂ ಹಾಗೆಯೇ ಕೂರಬೇಕು.

ಪಂಪ್ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಂತಿಯನ್ನು ತೂಕಕ್ಕೆ ಕೊಡುತ್ತಾರೆ. 26 ಗೇಜಿನದು 50 ಗ್ರಾಂ ಸಾಕು, ಅದರಲ್ಲಿ ಸುಮಾರು 30 ಮೀಟರ್ ಬರುತ್ತದೆ. ಬೋಲ್ಟಿಗೆ ಒಂದು ಸುತ್ತು ಕಾಗದ ಅಂಟಿಸಿ, 6 ಸೆಂಟಿಮೀಟರ್ ಉದ್ದದಲ್ಲಿ ಪದರಕ್ಕೆ 120ರಂತೆ ಐದು ಪದರ ಸುತ್ತಿ, ಪದರಗಳ ನಡುವೆ ತೆಳುವಾದ ಕಾಗದ ಇಡಿ. ತಂತಿಯ ಎರಡು ತುದಿಗಳನ್ನು ಮರಳು ಕಾಗದದಿಂದ ಉಜ್ಜಿ, ಎನಾಮಲ್ ಹೋಗಿ ತಾಮ್ರ ಹೊಳೆಯುವಂತೆ ಮಾಡಿ. ಈ 600 ಸುತ್ತಿನ ರೋಧ ಸುಮಾರು 3 ಓಮ್ ಆಗುತ್ತದೆ. ಟಾರ್ಚಿನ ನಾಲ್ಕು ದಪ್ಪ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟ್. ಕರೆಂಟು 2 ಆಂಪಿಯರ್ ದಾಟುವುದಿಲ್ಲ. ಬಾಗಿಲಿನ ಬೆಲ್ಲಿನ ಸ್ವಿಚ್ ಹಾಕಿ, ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಆರಲು ಬಿಡಿ. ಸ್ವಿಚ್ ಬಿಟ್ಟಾಗ ಕಾಯಿಲ್ ಕಿಡಿ ಹಾರಿಸುತ್ತದೆ. ಅದನ್ನು ತಡೆಯಲು 1ಎನ್4007 ಡಯೋಡನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೆಳ್ಳಿ ಪಟ್ಟಿ ಧನ ತುದಿಯ ಕಡೆ ಬರುವಂತೆ ಕಾಯಿಲ್‌ನ ಎರಡು ತುದಿಗಳಿಗೆ ಅಡ್ಡಲಾಗಿ ಸೇರಿಸಿ.

ಬೈಕಿನ ಬ್ಯಾಟರಿ ಬೇಡ. ಅದರ ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಅಡ್ಡ ಬಿದ್ದು ಅಲ್ಲೇ ಬೆಸೆದುಕೊಂಡದ್ದನ್ನು ನಾನು ಚಿಕ್ಕವನಿದ್ದಾಗ ಒಂದು ಗ್ಯಾರೇಜಿನಲ್ಲಿ ಕಂಡಿದ್ದೇನೆ. ಕೈಬಳೆ ತಗುಲಿದ್ದರೆ ಗತಿ ಏನಾಗುತ್ತಿತ್ತೆಂದು ಈಗಲೂ ನಡುಕ ಬರುತ್ತದೆ.

ಇನ್ನು ಬೋಲ್ಟಿನ ವಿಷಯ. ಗಟ್ಟಿ ಉಕ್ಕಿನ ಬೋಲ್ಟಾದರೆ ಸ್ವಿಚ್ ಬಿಟ್ಟ ಮೇಲೂ ಗುಂಡುಪಿನ್ನುಗಳು ಅಂಟಿಕೊಂಡೇ ಇರುತ್ತವೆ. ತಂತಿ ಸುತ್ತುವ ಮೊದಲೇ ಅದನ್ನು ಕುಲುಮೆಯವರಿಗೆ ಕೊಟ್ಟು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ತಣಿಸಿದರೆ ಈ ಗುಣ ಬಹಳ ಮಟ್ಟಿಗೆ ತಗ್ಗುತ್ತದೆ. ಅವರಿಂದಲೇ ಲಾಳದಂತೆ ಬಾಗಿಸಿಕೊಂಡರೆ ಎರಡೂ ಧ್ರುವಗಳು ಒಂದೇ ಕಬ್ಬಿಣದ ಪಟ್ಟಿಯನ್ನು ಹಿಡಿಯುವುದರಿಂದ ಎತ್ತುವ ಶಕ್ತಿ ಬಹಳ ಹೆಚ್ಚುತ್ತದೆ. ಆಗ ಪಟ್ಟಿಗೂ ಧ್ರುವಕ್ಕೂ ನಡುವೆ ಒಂದು ಪೋಸ್ಟ್‌ಕಾರ್ಡ್ ಇಟ್ಟು ಎಷ್ಟು ಭಾರ ನಿಲ್ಲುತ್ತದೆ, ತೆಗೆದರೆ ಎಷ್ಟು ನಿಲ್ಲುತ್ತದೆ ಎಂದು ತೂಗಿ ಬರೆದಿಡಿ. ಪ್ರದರ್ಶನದ ದಿನ ಆ ಎರಡು ಅಂಕಿಗಳನ್ನು ಮೇಜಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟು, ನೋಡಲು ಬಂದವರ ಕೈಗೇ ಪೋಸ್ಟ್‌ಕಾರ್ಡ್ ಕೊಡಿ.