ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಆರ್‌ಟಿಎಕ್ಸ್ 4070 ಹಾಕಿದರೆ ಕಂಪ್ಯೂಟರಿನ ಹಳೆಯ 450 ವ್ಯಾಟ್ ಪವರ್ ಸಪ್ಲೈ ಸಾಕೇ?

ನೀವು ಕೇಳಿರುವ ಆರ್‌ಟಿಎಕ್ಸ್ 4070 ಕಾರ್ಡಿಗೆ ಸಾಲದು. ಒಳ್ಳೆಯ 650 ವ್ಯಾಟ್‌ನದನ್ನು ತೆಗೆದುಕೊಳ್ಳಿ. ಈ ಕಾರ್ಡನ್ನು ರೂಪಿಸಿದ ಎನ್‌ವಿಡಿಯಾ ಕಂಪನಿ ಸೂಚಿಸುವುದೂ ಅಷ್ಟನ್ನೇ.

ಕಾರ್ಡಿಗೆ 200 ವ್ಯಾಟ್, ಪ್ರೊಸೆಸರ್‌ಗೆ ಸುಮಾರು 150, ಉಳಿದದ್ದಕ್ಕೆ 50 ಎಂದು ಕೂಡಿದರೆ 400 ಆಗುತ್ತದೆ, 450 ಧಾರಾಳ ಎನಿಸುವುದು ಸಹಜ. ಆದರೆ ಆ 200 ಸರಾಸರಿ ಲೆಕ್ಕ. ಆಟದ ದೃಶ್ಯ ಥಟ್ಟನೆ ಬದಲಾದಾಗ ಕಾರ್ಡ್ ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ಅದಕ್ಕಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತದೆ. ಆ ಜಿಗಿತವನ್ನು ತಾಳಲಾಗದ ಪವರ್ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆಫ್ ಆಗುತ್ತದೆ. ಆಟದ ನಡುವೆ ಕಂಪ್ಯೂಟರ್ ಆರಿಹೋಗುವುದು ಹೀಗೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನಷ್ಟೇ ನಂಬಬೇಡಿ. ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್‌ಗೆ ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ: 50 ಆಂಪಿಯರ್ ಇದ್ದರೆ 600 ವ್ಯಾಟ್. ಕಾರ್ಡ್, ಪ್ರೊಸೆಸರ್ ಎರಡಕ್ಕೂ ವಿದ್ಯುತ್ ಬಹುಪಾಲು ಬರುವುದು ಆ 12 ವೋಲ್ಟ್‌ನಿಂದಲೇ. ಕಾರ್ಡ್ ಕೇಳುವ ಕನೆಕ್ಟರ್ ಇದೆಯೇ ಎಂಬುದನ್ನೂ ವಿಚಾರಿಸಿ.

ಮನೆಯ ಯುಪಿಎಸ್ ಕೂಡ ನೋಡಿಕೊಳ್ಳಿ. 600 ವಿಎ (ವೋಲ್ಟ್-ಆಂಪಿಯರ್) ಎಂದು ಬರೆದಿರುವ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಆಡುತ್ತಿರುವಾಗ ಕರೆಂಟ್ ಹೋದರೆ ಅದು ಕೈಕೊಡುತ್ತದೆ.